ಭಾವನ ನೀರಿನಲ್ಲಿ ಬೆಳೆದ ಬಜೆ

ಕಬ್ಬೂರಿನಲ್ಲಿ ನಮ್ಮ ಹಿತ್ತಲಿಗೆ ಹತ್ತಿಕೊಂಡೇ ಭಾವನ ಕಬ್ಬಿನ ಹೊಲವಿತ್ತು. ಭಾವ ಅಂದರೆ ನನ್ನ ಗಂಡನ ಅಣ್ಣ. ಹಿಸ್ಸೆಯಾದಾಗ ಎತ್ತರದ ಹೊಲ ಅವರ ಪಾಲಿಗೆ ಹೋಯಿತು, ತಗ್ಗಿನ ಮನೆ ಮತ್ತು ಹಿತ್ತಲು ನಮಗೆ ಬಂತು. ಎಂಬತ್ತರ ದಶಕದಲ್ಲಿ ಕಾಲುವೆ ನೀರು ಸಿಕ್ಕಿದ್ದೇ ತಡ, ಅವರು ಕಬ್ಬಿಗೆ ಅಳತೆಯಿಲ್ಲದೆ ನೀರು ಬಿಡತೊಡಗಿದರು. ಕಬ್ಬು ಕುಡಿದು ಉಳಿದದ್ದೆಲ್ಲ ಬಸಿದು ನಮ್ಮ ಹಿತ್ತಲಲ್ಲಿ ನಿಲ್ಲುತ್ತಿತ್ತು. ನನ್ನ ಬದನೆ, ಮೆಣಸಿನ ಗಿಡಗಳು ಬುಡದಲ್ಲೇ ಕೊಳೆತವು.

ತಲೆಯ ಮೇಲೆ ಸೆರಗು ಹೊದ್ದು ಹೋಗಿ ಕೇಳಿದೆ. "ಭಾವಾರ, ಒಂದ ಬಸಿಗಾಲುವಿ ತೋಡಸ್ರಿ. ಹಿತ್ತಲಾಗ ಕಾಲ ಇಡಾಕ ಆಗವಲ್ದು."

"ನೀರ ತಗ್ಗಿಗಿ ಹರೀತೈತಿ. ಅದಕ್ಕೇನ ದಾವಣಿ ಹಾಕಿ ಕಟ್ಲೇನ?" ಅಂದರು.

ಮೂರು ವರ್ಷ ಕೇಳಿದೆ. ಮೂರನೆಯ ಮಳೆಗಾಲದಲ್ಲಿ ನಮ್ಮ ಗಬ್ಬದ ಎಮ್ಮೆ ಆ ಕೆಸರಿನಲ್ಲಿ ಜಾರಿ ಬಿದ್ದು ತೊಡೆ ಮುರಿದುಕೊಂಡಿತು. ಎರಡು ದಿನ ಒದ್ದಾಡಿ ಸತ್ತಿತು. ನೋಡಲು ಬಂದ ಭಾವ ಬೇಲಿಯ ಆಚೆಯೇ ನಿಂತು, "ಎಮ್ಮಿಗಿ ಕೆಸರ ಅಂದ್ರ ಭಾಳ ಪ್ರೀತಿ ನೋಡ್" ಎಂದು ನಕ್ಕರು. ಅಂದೇ ನನ್ನ ಹೊಟ್ಟೆಯಲ್ಲಿ ಕೆಂಡ ಬಿತ್ತು. ಗಂಡ ಅಣ್ಣನಿಗೆ ಎದುರಾಡದೆ ಎಮ್ಮೆಯ ಕೊರಳ ಹಗ್ಗ ಬಿಚ್ಚಿದ.

ಸುದ್ದಿ ಕೇಳಿ ನನ್ನ ತವರೂರು ಭೋಜದಿಂದ ನಮ್ಮವ್ವ ಬಂದಳು. ಹಿತ್ತಲು ನೋಡಿ ತಿರುಗಿ ಹೋದವಳು, ಎಂಟು ದಿನಕ್ಕೆ ಹಸಿ ಗೋಣಿಚೀಲದಲ್ಲಿ ಬಜೆ ಬೇರು ಸುತ್ತಿಕೊಂಡು ಬಂದಳು. ಅವಳ ಊರಿನಲ್ಲಿ ಅದನ್ನು ಮರಾಠಿಯವರ ಹಾಗೆ ವೇಖಂಡ ಅನ್ನುತ್ತಿದ್ದರು. ನದಿಯ ದಂಡೆಯಲ್ಲಿ ತಾನಾಗಿ ಬೆಳೆಯುತ್ತಿತ್ತು. "ಅಳಕೋತ ಕುಂದರಬ್ಯಾಡ. ಇದಕ್ಕ ಕೆಸರ ಬೇಕ, ಬಿಸಲ ಬೇಕ. ಎರಡೂ ನಿನಗ ಪುಕ್ಕಟೆ ಸಿಕ್ಕಾವ" ಅಂದಳು.

ಮೊಳಕೆಯಿದ್ದ ತುಂಡುಗಳನ್ನು ಗೇಣಿಗೊಂದರಂತೆ ಅಡ್ಡ ಮಲಗಿಸಿ, ಮೇಲೆ ತೆಳ್ಳಗೆ ಕೆಸರು ಎಳೆದೆವು. ತಿಂಗಳೊಪ್ಪತ್ತಿನಲ್ಲಿ ಕತ್ತಿಯಂಥ ಎಲೆಗಳು ಎದ್ದವು. ವರ್ಷ ತಿರುಗುವಷ್ಟರಲ್ಲಿ ಎಲೆ ಹಳದಿಯಾಗಿ, ಹೆಬ್ಬೆರಳು ದಪ್ಪದ ಬೇರು ಕೂತಿತ್ತು. ಅರ್ಧ ಕಿತ್ತು ಅರ್ಧ ಬಿಟ್ಟೆ. ಒಣಗಲು ಹಾಕಿದರೆ ಓಣಿಯೆಲ್ಲ ಘಾಟು. ಬಾಣಂತಿಯರ ಮನೆಯವರು ಕೂಸಿನ ನೆತ್ತಿಗೆ ಹಚ್ಚುವ ಪುಡಿಗೆಂದು ನನ್ನಲ್ಲಿಗೆ ಬರತೊಡಗಿದರು. ಚಿಕ್ಕೋಡಿ ಸಂತೆಯ ಗಿಡಮೂಲಿಕೆಯವನೂ ಹೇಳಿಕಳಿಸಿದ.

ಒಂದು ದಿನ ಯಾರೋ ಭಾವನ ಎದುರಿಗೇ, "ನಿಮ್ಮ ನೀರಾಗ ನಿಮ್ಮ ತಮ್ಮನ ಹೇಣ್ತಿ ಬಂಗಾರ ಬೆಳದಾಳ್ರಿ" ಅಂದರಂತೆ. ಮರುದಿನವೇ ಆಳುಗಳು ಬಂದರು. ನಮ್ಮ ಬೇಲಿಯ ಒಳಗೆ, ಹಿತ್ತಲಿನ ಅಂಚಿಗುಂಟ ಹಳ್ಳದವರೆಗೆ ಬಸಿಗಾಲುವೆ ತೋಡಿಸಿದರು. "ನೀನ ಕೇಳಿದ್ದಿ ಅಲ್ಲ, ತಗೋ" ಅಂದರು. ತೋಡಿದ ಮಣ್ಣನ್ನೂ ನನ್ನ ಕಡೆಗೇ ಒಟ್ಟಿಸಿದರು.

ಹಿತ್ತಲು ಒಣಗಿತು. ಬಜೆಯ ಎಲೆಗಳು ತುದಿಯಿಂದ ಸುಟ್ಟಂತಾದವು. ಗಂಡ, "ಹೋಗ್ಲಿ, ಮೆಣಸಿನಗಿಡ ಹಚ್ಚೂಣು" ಅಂದ. ನಾನು ಒಟ್ಟಿದ ಮಣ್ಣನ್ನು ತುಳಿದು ತುಳಿದು ಗಟ್ಟಿ ಒಡ್ಡು ಮಾಡಿದೆ. ಉಳಿದ ಬೇರುಗಳನ್ನೆಲ್ಲ ಕಿತ್ತು ಬಸಿಗಾಲುವೆಯ ತಳದಲ್ಲಿ ಒತ್ತೊತ್ತಾಗಿ ಊರಿದೆ. ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಎರಡು ಮಳೆಗಾಲ ಕಾದೆ. ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಚಾಪೆಯಾದವು, ಹೂಳು ಹಿಡಿದವು. ಕಾಲುವೆ ಕಟ್ಟಿಕೊಂಡಿತು. ನನ್ನ ಕಡೆ ಒಡ್ಡಿತ್ತು, ನೀರು ಹಿಂದಕ್ಕೆ ಸರಿದು ಭಾವನ ಕಬ್ಬಿನಲ್ಲೇ ನಿಂತಿತು. ಕೆಳಗಿನ ಸಾಲುಗಳು ಹಳದಿ ತಿರುಗಿದವು.

ಭಾವ ಓಡಿ ಬಂದರು. "ಆ ಬಜಿ ಕಿತ್ತ ಒಗಿ!"

"ಜಾಗಾ ನಮ್ದ ಐತ್ರಿ, ಭಾವಾರ."

"ನನ್ನ ಕಬ್ಬ ಸಾಯಾಕತ್ತೈತಿ."

"ಆಚೀಕಡೆ ನಿಮ್ಮ ಹೊಲದಾಗ ತೋಡಸ್ರಿ. ಅಲ್ಲೂ ಹಳ್ಳಕ್ಕ ಇಳಕಲ ಐತಿ." ಅಂದು ಸೆರಗು ಸರಿಪಡಿಸಿಕೊಳ್ಳದೆ ಅವರ ಮುಖವನ್ನೇ ನೋಡಿದೆ. ಮದುವೆಯಾದಾಗಿನಿಂದ ಹಾಗೆ ನೋಡಿದ್ದು ಅದೇ ಮೊದಲು.

ಕೊನೆಗೆ ಅವರು ನಿಂತ ಕಬ್ಬನ್ನು ಒಂದು ಪಟ್ಟಿ ಕಡಿಸಿ, ತಮ್ಮ ಹೊಲದೊಳಗೇ ಹೊಸ ಕಾಲುವೆ ತೋಡಿಸಬೇಕಾಯಿತು. ಆ ಇಡೀ ದಿನ ನಾನು ಒಡ್ಡಿನ ಮೇಲೆ ಕೂತು ನೋಡಿದೆ. ಅಡಿಗೆಗೂ ಏಳಲಿಲ್ಲ. ಭಾವ ನನ್ನ ಕಡೆ ಬೆನ್ನು ಮಾಡಿಯೇ ನಿಂತಿದ್ದರು.

ಸಂಜೆ ಗಂಡ ಬಂದು, "ಈಗರೆ ಹೊಟ್ಟಿ ತಂಪಾತೇನ?" ಎಂದು ಕೇಳಿದ.

"ಅರ್ಧಾ. ಎಮ್ಮಿ ಸತ್ತಾಗ ನೀವೂ ಅಲ್ಲೇ ನಿಂತಿದ್ರಿ" ಅಂದೆ.

ಅವನು ತಾನೇ ಹೋಗಿ ಒಲೆ ಹಚ್ಚಿದ.