ಬ್ರೆಡ್ಡಕ್ಕನ ಚೈನ್ ಸೆಟ್ಟು

ಬೆಳಕು ಹರಿಯುವ ಮುಂಚೆ ಬ್ರೆಡ್ಡಕ್ಕ ಮಾಡಬೇಕಾದವು ಇವು. ಅಲಾರಂ ಹೊಡೆಯುವ ಮೊದಲೇ ಎದ್ದು ಅದರ ಬಾಯಿ ಮುಚ್ಚುವುದು. ಹೊಡೆದರೆ ಯಜಮಾನರಿಗೆ ಎಚ್ಚರವಾಗುತ್ತದೆ. ನಲ್ಲಿಯಲ್ಲಿ ನೀರು ನಿಲ್ಲುವುದರೊಳಗೆ ಡ್ರಮ್ಮು, ಕೊಡ, ಬಕೆಟ್ಟು ತುಂಬುವುದು. ರಾತ್ರಿಯ ಪಾತ್ರೆ ತೊಳೆಯುವುದು, ಸದ್ದಿಲ್ಲದೆ. ಅತ್ತೆಯ ಮಂಡಿಗೆ ಬಿಸಿನೀರಿನ ಚೀಲ. ಮಗಳ ಯೂನಿಫಾರ್ಮಿಗೆ ಇಸ್ತ್ರಿ. ಹಗ್ಗದ ಮೇಲಿನ ಬಟ್ಟೆ ತಂದು ಮಡಚುವುದು. ಮಧ್ಯಾಹ್ನಕ್ಕೆ ತರಕಾರಿ ಹೆಚ್ಚಿಡುವುದು. ಕೊನೆಗೆ ಟೀ ಮಾಡಿ, ಫ್ಲಾಸ್ಕಿಗೆ ಸುರಿದು, ಯಜಮಾನರ ದಿಂಬಿನ ಪಕ್ಕದ ಸ್ಟೂಲಿನ ಮೇಲೆ, ಕಣ್ಣು ಬಿಡದೆ ಕೈ ಚಾಚಿದರೂ ಸಿಗುವ ಜಾಗದಲ್ಲಿ ಇಡುವುದು. ಇಷ್ಟಾದ ಮೇಲೆ ಅವಳ ಕೆಲಸ ಶುರು. ಅದಕ್ಕೆ ಮುಂಚಿನದನ್ನು ಆ ಮನೆಯಲ್ಲಿ ಯಾರೂ ಕೆಲಸ ಎಂದು ಕರೆಯುತ್ತಿರಲಿಲ್ಲ.

ಕೆಲಸವೆಂದರೆ ಮೋಟಾರ್ ಸೈಕಲ್ಲಿನ ಹಿಂದೆ ಎರಡು ಕ್ರೇಟ್ ಕಟ್ಟಿಕೊಂಡು, ದಿಬ್ಬದ ಮೇಲಿನ ಬೇಕರಿಯಿಂದ ಬ್ರೆಡ್ಡು ತುಂಬಿಸಿಕೊಂಡು, ಕೆಳಗಿನ ಪೇಟೆಯ ಅಂಗಡಿಗಳಿಗೆಲ್ಲ ಬಾಗಿಲು ತೆಗೆಯುವ ಹೊತ್ತಿಗೆ ಮುಟ್ಟಿಸುವುದು. ಅವಳ ನಿಜವಾದ ಹೆಸರು ಪಡಿತರ ಚೀಟಿಯಲ್ಲಿದೆ. ಬೀದಿಗೆ ಅವಳು ಬ್ರೆಡ್ಡಕ್ಕ.

ಅವಳ ಯಜಮಾನರು ಗೋದಾಮಿನಲ್ಲಿ ಬಂದ ಮೂಟೆ, ಹೋದ ಮೂಟೆ ಎಣಿಸುವವರು. ಮನೆಯ ಕೆಲಸವನ್ನೂ ಅವರು ಮದುವೆಯಾದ ಹೊಸದರಲ್ಲೇ ಎಣಿಸಿ ಹಂಚಿದ್ದರು. ಹೊಸ್ತಿಲ ಒಳಗಿನದು ಹೆಂಡತಿಗೆ, ಹೊರಗಿನದು ತಮಗೆ. ಮೋಟಾರ್ ಸೈಕಲ್ಲು ಹೊರಗಿನದು. ಅದು ರಾತ್ರಿಯೆಲ್ಲ ಹೊಸ್ತಿಲ ಒಳಗೆ, ಮುಂದಿನ ಕೋಣೆಯಲ್ಲಿ, ಅತ್ತೆಯ ಮಂಚದ ಪಕ್ಕವೇ ನಿಲ್ಲುತ್ತಿತ್ತು ಎಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅತ್ತೆಗೂ ಗಾಡಿಗೂ ಒಂದೇ ಕೋಣೆ, ಇಬ್ಬರಿಗೂ ಕೀಲುನೋವು.

"ಚೈನ್ ಸಡಿಲ ಆಗಿದೆ ರೀ. ಏರಿನಲ್ಲಿ ಹಲ್ಲು ಬಿಟ್ಟು ಜಿಗಿಯುತ್ತೆ" ಎಂದು ಅವಳು ಹೇಳಿದಾಗ ಯಜಮಾನರು, "ಭಾನುವಾರ ನೋಡೋಣ" ಎಂದರು.

ಭಾನುವಾರ ಅವರು ಗಾಡಿ ನೋಡಿದರು. ನಿಜವಾಗಿಯೂ ನೋಡಿದರು. ಕುರ್ಚಿ ಹಾಕಿಕೊಂಡು, ಪೇಪರ್ ಓದುತ್ತ, ಮಧ್ಯೆ ಮಧ್ಯೆ ತಲೆಯೆತ್ತಿ ನೋಡಿದರು. ಸಂಜೆ ಒದ್ದೆ ಬಟ್ಟೆಯಿಂದ ಟ್ಯಾಂಕು ಒರೆಸಿದರು. ಅವರ ಸ್ಪ್ಯಾನರುಗಳು ಹಸಿರು ಬಟ್ಟೆಯಲ್ಲಿ ಸುತ್ತಿಕೊಂಡು ಸುಖವಾಗಿ ಮಲಗಿದ್ದವು. ಒಂದಕ್ಕೂ ಗೀರು ಬಿದ್ದಿರಲಿಲ್ಲ. ಬೀದಿಯಲ್ಲಿ ಅವರಿಗೆ ಭಾನುವಾರದ ಅಣ್ಣ ಎಂಬ ಹೆಸರು ಬಂದದ್ದು ಹೀಗೆ.

ಆಮೇಲೆ ಮುಂದಿನ ಬ್ರೇಕು ಕಿರುಚಲು ಶುರುವಾಯಿತು. ಪ್ಯಾಡು ಸವೆದು ಕಬ್ಬಿಣಕ್ಕೆ ಕಬ್ಬಿಣ ತಾಗುವ ಕಿರುಚಾಟ. ಅವಳು ಹೇಳಿದ್ದು ಗೋಡೆಗೆ ಹೇಳಿದ ಹಾಗಾಗಿತ್ತು. ಆದರೆ ಎದುರುಮನೆಯ ಮೇಷ್ಟ್ರು "ಏನ್ ಸ್ವಾಮಿ, ನಿಮ್ಮ ಗಾಡಿ ಕೋಳಿಗಿಂತ ಮುಂಚೆ ಕೂಗುತ್ತಲ್ಲ" ಎಂದು ಒಂದೇ ಒಂದು ಸಲ ಅಂದದ್ದು ಯಜಮಾನರ ಎದೆಗೆ ನಾಟಿತು. ಆ ಭಾನುವಾರ ಅವರು ಪೇಪರ್ ಮಡಚಿಟ್ಟು ಎದ್ದೇಬಿಟ್ಟರು. ಹೊಲಿಗೆ ಮೆಷಿನ್ನಿನ ಎಣ್ಣೆ ತಂದು, ಬ್ರೇಕಿನ ಡಿಸ್ಕಿಗೂ ಪ್ಯಾಡಿನ ಸಂದಿಗೂ ಧಾರಾಳವಾಗಿ ಬಿಟ್ಟರು. ಗಾಡಿಯನ್ನು ಹಿಂದೆ ಮುಂದೆ ತಳ್ಳಿ ಬ್ರೇಕ್ ಹಿಡಿದರು. ಸದ್ದೇ ಇಲ್ಲ.

"ಕಿವಿಗೊಟ್ಟು ಕೇಳು" ಎಂದರು ಹೆಂಡತಿಗೆ. "ಏನಾದ್ರೂ ಕೇಳ್ಸುತ್ತಾ?"

"ಏನೂ ಇಲ್ಲ."

"ಅದನ್ನೇ ರಿಪೇರಿ ಅನ್ನೋದು."

ಮರುದಿನ ಬೆಳಗಿನ ಜಾವ, ತುಂಬಿದ ಕ್ರೇಟುಗಳೊಂದಿಗೆ ದಿಬ್ಬ ಇಳಿಯುವಾಗ ಅವಳು ಮುಂದಿನ ಬ್ರೇಕ್ ಹಿಡಿದಳು. ಗಾಡಿ ಅದೇ ವೇಗದಲ್ಲಿ, ಯಾವ ಸದ್ದೂ ಇಲ್ಲದೆ, ಬಹಳ ಮರ್ಯಾದೆಯಿಂದ ಮುಂದೆ ಹೋಯಿತು. ಕಾಲಿನ ಬ್ರೇಕ್ ತುಳಿದಳು. ಹಿಂದಿನ ಚಕ್ರ ಜಾರಿತು. ಇಳಿಜಾರಿನ ತಿರುವಿನಲ್ಲಿ ಹಾಸಿಗೆ ಹೊಲಿಯುವವನ ಅಂಗಡಿ. ಹೊತ್ತೇರಿದರೆ ಗಾಳಿಗೆ ಹತ್ತಿ ಹಾರುತ್ತದೆಂದು ಅವನು ಮಬ್ಬಿನಲ್ಲೇ ಮೂಟೆ ಬಿಚ್ಚಿ ಹತ್ತಿ ಹಿಂಜುವವನು. ಬ್ರೆಡ್ಡಕ್ಕ ಆ ಹತ್ತಿಯ ರಾಶಿಯೊಳಗೆ ಗಾಡಿ ಸಮೇತ ಹೊಕ್ಕು ಕಾಣದಾದಳು.

ಹಾಸಿಗೆಯವನು ಹತ್ತಿಯನ್ನು ಬಗೆದು ನೋಡಿದ.

"ಅಕ್ಕಾ, ಹಾಸಿಗೆ ಬೇಕಿದ್ರೆ ಅಳತೆ ಹೇಳಿ ಕಳಿಸಿದ್ರೆ ಸಾಕಿತ್ತು."

ಅವಳಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಬ್ರೆಡ್ಡುಗಳಿಗೆಲ್ಲ ಬಿಳಿ ಗಡ್ಡ ಬಂದಿತ್ತು. ಇಬ್ಬರೂ ಕೂತು ಗಡ್ಡ ಕೀಳುವಷ್ಟರಲ್ಲಿ ಅಂಗಡಿಗಳೆಲ್ಲ ಬಾಗಿಲು ತೆಗೆದಾಗಿತ್ತು.

ಬೇಕರಿಯ ಸಾಹುಕಾರ ಬೈಯಲಿಲ್ಲ. ಅದು ಇನ್ನೂ ಕೆಟ್ಟ ಲಕ್ಷಣ. "ನೋಡಮ್ಮಾ, ಹಾಲಿನ ವ್ಯಾನಿನವನು ಈ ಬ್ರೆಡ್ ಹಾಕೋ ಲೈನ್ ನಂಗೆ ಕೊಡಿ ಅಂತ ದಿನಾ ಕೇಳ್ತಾನೆ. ನಾಳೆ ಒಂದು ದಿನ ನೋಡ್ತೀನಿ. ಅಂಗಡಿಯವರಿಗೆ ಬ್ರೆಡ್ ಬೇಕು, ಹತ್ತಿ ಬೇಡ."

ಲೈನ್ ಹೋದರೆ ಏನು ಹೋಗುತ್ತದೆಂದು ಬ್ರೆಡ್ಡಕ್ಕನಿಗೆ ಗೊತ್ತಿತ್ತು. ಇಡೀ ದಿನದಲ್ಲಿ ಅವಳನ್ನು ಯಾರೂ ಕರೆಯದ, ಏನೂ ಕೇಳದ ಹೊತ್ತೆಂದರೆ ಗಾಡಿಯ ಮೇಲಿನದು ಮಾತ್ರ.

ಅವಳು ಗಾಡಿಯನ್ನು ನೇರ ಮೆಕ್ಯಾನಿಕ್ ಹತ್ತಿರ ತಳ್ಳಿಕೊಂಡು ಹೋದಳು. ಅವನು ಕುಕ್ಕರುಗಾಲಲ್ಲಿ ಕೂತು ನೋಡಿದ. ಚೈನು ಕಚ್ಚಿಕೊಳ್ಳುವ ಹಿಂದಿನ ಸ್ಪ್ರಾಕೆಟ್ ಚಕ್ರದ ಹಲ್ಲುಗಳು ಸವೆದು ಕುಡುಗೋಲಿನ ಹಾಗೆ ಒಂದೇ ಕಡೆ ಬಾಗಿದ್ದವು.

"ಚೈನು, ಎರಡು ಸ್ಪ್ರಾಕೆಟ್ಟು, ಮೂರೂ ಒಟ್ಟಿಗೆ ಹೋಗ್ಬೇಕು ಅತ್ತಿಗೆ. ಪ್ಯಾಡು ಕೂಡ. ಅಣ್ಣ ಬರ್ಲಿಲ್ವಾ?"

"ಅಣ್ಣ ಯಾಕೆ? ಗಾಡಿ ಬಂದಿದೆಯಲ್ಲ."

ಅವನಾಗಲೇ ಫೋನ್ ಕಿವಿಗಿಟ್ಟಿದ್ದ. "ಅಣ್ಣಾ, ಅತ್ತಿಗೆ ಗಾಡಿ ತಂದಿದ್ದಾರೆ. ಬಿಚ್ಚಲಾ?... ಹೌದಾ... ಸರಿ ಅಣ್ಣಾ." ಫೋನ್ ಜೇಬಿಗಿಟ್ಟು ಕೈ ಒರೆಸಿಕೊಂಡ. "ಬೇಡ ಅಂದ್ರು. ಚೈನ್ ಒಂದು ತಗೊಂಡು, ಹಳೇ ಸ್ಪ್ರಾಕೆಟ್ಟೇ ತಿರುವಿ ಹಾಕಿದ್ರೆ ಆಗುತ್ತಂತೆ. ಭಾನುವಾರ ಅವರೇ ಮಾಡ್ತಾರಂತೆ."

"ಓಡಿಸೋದು ನಾನಲ್ವೇನಪ್ಪಾ?"

"ಸರಿ, ಆದ್ರೆ ಗಾಡಿ ಅಣ್ಣಂದು."

"ಬೀಳೋದು ಯಾರು?"

ಮೆಕ್ಯಾನಿಕ್ ಪ್ರಾಮಾಣಿಕವಾಗಿ ಯೋಚಿಸಿದ. "ಅದನ್ನೂ ಅಣ್ಣನ್ನೇ ಒಂದ್ಮಾತು ಕೇಳ್ಬೇಕು" ಎಂದ.

ಅವಳು ಪಕ್ಕದ ಬಿಡಿಭಾಗದ ಅಂಗಡಿಗೆ ಹೋಗಿ ಮೂರೂ ಸೇರಿದ ಚೈನ್ ಸೆಟ್ಟನ್ನೂ ಒಂದು ಜೊತೆ ಪ್ಯಾಡನ್ನೂ ತನ್ನ ದುಡ್ಡಿನಲ್ಲಿ ಕೊಂಡಳು.

ಸಂಜೆ ಯಜಮಾನರು ಪೊಟ್ಟಣ ಬಿಚ್ಚಿ ನೋಡಿ, ಮತ್ತೆ ಕಟ್ಟಿ, ಬೀರುವಿನ ಮೇಲಿಟ್ಟರು. "ಭಾನುವಾರ. ನೀನು ಕೈ ಹಾಕ್ಬೇಡ. ಒಂದು ವಾಷರ್ ಆಚೀಚೆ ಆದ್ರೆ ಗಾಡಿಯೇ ಹಾಳು."

"ನಾಳೆ ಬೆಳಗ್ಗೆ ಲೈನಿಗೆ ಹೋಗ್ಬೇಕಲ್ಲ ರೀ. ಬ್ರೇಕ್ ಹಿಡಿಯಲ್ಲ."

"ಎಣ್ಣೆ ಸ್ವಲ್ಪ ಜಾಸ್ತಿ ಆಗಿರ್ಬೇಕು. ನಿಧಾನಕ್ಕೆ ಹೋಗು. ಆ ದಿಬ್ಬಾನೂ ಸ್ವಲ್ಪ ಜಾಸ್ತೀನೇ ಇಳಿಜಾರು."

ಮಂಚದ ಮೇಲಿಂದ ಅತ್ತೆ ಗೋಡೆಗೆ ಹೇಳಿದರು: "ಕುಣಿಯೋಕೆ ಬಾರದವನು ನೆಲ ಡೊಂಕು ಅಂದನಂತೆ."

ಮರುದಿನ ಬ್ರೆಡ್ಡಕ್ಕ ಇನ್ನೂ ಮುಂಚೆಯೇ ಎದ್ದಳು. ಎದ್ದು ಅಡುಗೆಮನೆಯ ನಡುವೆ ನಿಂತಳು. ತೊಟ್ಟಿಯಲ್ಲಿ ಪಾತ್ರೆ, ಕುರ್ಚಿಯ ಮೇಲೆ ಮುದುರಿದ ಯೂನಿಫಾರ್ಮು, ಮೂಲೆಯಲ್ಲಿ ಖಾಲಿ ಕೊಡ, ಎಲ್ಲವೂ ಅವಳನ್ನೇ ನೋಡುತ್ತಿದ್ದವು. ಅವೆಲ್ಲ ಮುಗಿಸಿದರೆ ಗಾಡಿಗೆ ಹೊತ್ತಿಲ್ಲ. ಅವಳು ಅಡುಗೆಮನೆಯ ದೀಪ ಆರಿಸಿ, ಸ್ಟೂಲು ಹತ್ತಿ ಬೀರುವಿನ ಮೇಲಿಂದ ಪೊಟ್ಟಣ ಇಳಿಸಿದಳು. ಹಸಿರು ಬಟ್ಟೆಯಲ್ಲಿ ಮಲಗಿದ್ದ ಸ್ಪ್ಯಾನರುಗಳನ್ನು ಎಬ್ಬಿಸಿದಳು.

ಕೆಲಸ ಅವಳಿಗೆ ಹೊಸದೇನಲ್ಲ. ಯಜಮಾನರು ಮೆಕ್ಯಾನಿಕ್ ಜೊತೆ ದೇಶದ ವಿಚಾರ ಮಾತಾಡುವಾಗಲೆಲ್ಲ ಅವಳು ಪಕ್ಕದಲ್ಲಿ ಚೀಲ ಹಿಡಿದು ನಿಂತು ಅವನ ಕೈ ನೋಡಿದ್ದಳು. ಗಾಡಿಯನ್ನು ನಡು ಸ್ಟ್ಯಾಂಡಿಗೆ ಎಳೆದು, ಚೈನಿನ ಕೊಂಡಿ ಬಿಡಿಸಿ, ಹಿಂದಿನ ಚಕ್ರ ಕಳಚುವಾಗ ಆಕ್ಸಲ್ ಸರಳು ಟಣ್ ಎಂದು ನೆಲಕ್ಕೆ ಬಿತ್ತು.

"ಯಾರದು?"

"ನಾನೇ ಅತ್ತೆ."

"ಬಿಸಿನೀರು ತಂದ್ಯಾ?"

"ಇವತ್ತಿಲ್ಲ. ನಿಮ್ಮ ಪಕ್ಕದ ಮಂಚದವರಿಗೆ ಆಪರೇಷನ್ನು."

ಅತ್ತೆ ಎದ್ದು ಕೂತರು. ಸ್ವಲ್ಪ ಹೊತ್ತು ನೋಡಿ, ದಿಂಬಿನ ಅಡಿಯ ಟಾರ್ಚು ತೆಗೆದು ಸರಿಯಾದ ಜಾಗಕ್ಕೆ ಬೆಳಕು ಬಿಟ್ಟರು. ಕಳಚಿದ ಸ್ಪ್ರಾಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದರು.

"ಇದರ ಹಲ್ಲಿಗಿಂತ ನಂದೇ ವಾಸಿ. ಇದನ್ನೇ ತಿರುವಿ ಹಾಕು ಅಂದನಾ?"

"ಹೂಂ."

"ಚಿಕ್ಕವನಿದ್ದಾಗ ಚಡ್ಡೀನೂ ಹಾಗೇ. ಕೊಳೆಯಾದ್ರೆ ತಿರುವಿ ಹಾಕ್ಕೊಂಡು ಹೋಗ್ತಿದ್ದ, ಒಗೆಯೋದು ತಪ್ಪುತ್ತೆ ಅಂತ."

"ಒಗೀತಿದ್ದೋರು ಯಾರತ್ತೆ?"

"ನಾನೇ ಕಣೇ" ಎಂದ ಅತ್ತೆ ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿದರು. "ಡಾಕ್ಟ್ರೂ ನಂಗೆ ಹಾಗೇ ಮಾಡಿದ್ದು. ಒಂದು ಮಂಡಿ ಸರಿ ಮಾಡಿದ್ರು, ಇನ್ನೊಂದು ಮುಷ್ಕರ ಹೂಡ್ತು. ಮೂರನ್ನೂ ಹಾಕು ನೀನು."

ಮೂರನ್ನೂ ಹಾಕಿದಳು. ಮುಂದಿನ ಚಿಕ್ಕ ಸ್ಪ್ರಾಕೆಟ್ಟು, ಹಿಂದಿನ ದೊಡ್ಡದು, ಮೇಲೆ ಎಣ್ಣೆ ಮಿನುಗುವ ಹೊಸ ಚೈನು. ಕೊನೆಯ ಕೊಂಡಿಗೆ ಹಾಕುವ ಪಿನ್ನು ಪುಟ್ಟ ಮೀನಿನ ಆಕಾರದ್ದು. ಚೈನು ಓಡುವ ಕಡೆಗೆ ಮೀನಿನ ತಲೆ ಇರಬೇಕು, ತಿರುಗುಮುರುಗಾದರೆ ದಾರಿಯಲ್ಲಿ ಕಳಚುತ್ತದೆ. ಇಕ್ಕಳದಿಂದ ಒತ್ತುವಾಗ ಆ ಮೀನು ಹಾರಿ ಎಲ್ಲೋ ಈಜಿಹೋಯಿತು. ಸೊಸೆ ಮಂಚದ ಕೆಳಗೆ ಮಲಗಿ ಹುಡುಕಿದಳು. ಅತ್ತೆ ಕಂಬಳಿ ಕೊಡವಿದರು. ಒಳಕೋಣೆಯಿಂದ ಯಜಮಾನರ ಗೊರಕೆ ಒಂದು ಕ್ಷಣ ನಿಂತಿತು. ಅತ್ತೆ ಟಾರ್ಚನ್ನು ಕಂಬಳಿಯೊಳಗೆ ಅಡಗಿಸಿದರು. ಗೊರಕೆ ಮತ್ತೆ ಗೇರಿಗೆ ಬಿತ್ತು. ಪಿನ್ನು ಸಿಕ್ಕಿದ್ದು ಅತ್ತೆಯ ಸ್ವೆಟರಿನ ಜೇಬಿನಲ್ಲಿ.

ಹಳೆಯ ಪ್ಯಾಡುಗಳನ್ನು ಕಿತ್ತು, ಡಿಸ್ಕನ್ನು ಸೋಪಿನ ನೀರಿನಲ್ಲಿ ಜಿಡ್ಡು ಹೋಗುವಂತೆ ತಿಕ್ಕಿದಳು. ಅಂಟಿದ ಎಣ್ಣೆ ಬಿಡಿಸುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಒಣಗಿಸಲು ಯಜಮಾನರ ಬನಿಯನ್ ಸಿಕ್ಕಿತು. ಹೊಸ ಪ್ಯಾಡು ಕೂರಿಸಿ, ಹಿಡಿ ಗಟ್ಟಿಯಾಗುವ ತನಕ ಒತ್ತಿ ಒತ್ತಿ ಬಿಟ್ಟಳು. ಗಾಡಿಯನ್ನು ಬೀದಿಗಿಳಿಸಿ, ಮೆಲ್ಲಗೆ ಆಚೆ ತುದಿಯಿಂದ ಈಚೆ ತುದಿಗೆ ಹಲವು ಸಲ ಓಡಿಸಿ, ಬ್ರೇಕ್ ಹಿಡಿದು ಹಿಡಿದು ನೋಡಿದಳು. ಮೊದಲು ಜಾರಿತು, ಆಮೇಲೆ ಕಚ್ಚಿತು.

"ಟೀ ಒಂದು ಮಾಡಿಟ್ಟು ಹೋಗು" ಎಂದರು ಅತ್ತೆ. "ಇಲ್ಲದಿದ್ರೆ ನನ್ನ ತಲೆ ತಿಂತಾನೆ."

ಅವಳು ಗಡಿಬಿಡಿಯಲ್ಲಿ ಟೀ ಕಾಯಿಸಿ ಅತ್ತೆಗೊಂದು ಲೋಟ ಕೊಟ್ಟಳು. ಉಳಿದದ್ದನ್ನು ಫ್ಲಾಸ್ಕಿಗೆ ಸುರಿದಳು. ಕ್ರೇಟು ಕಟ್ಟಲು ಎರಡೂ ಕೈ ಬೇಕಾಗಿ, ಫ್ಲಾಸ್ಕನ್ನು ಹ್ಯಾಂಡಲ್ಲಿಗೆ ನೇತುಹಾಕಿದಳು. ಹಗ್ಗ ಬಿಗಿದವಳು ಗಾಡಿ ಹತ್ತಿ ಹೊರಟೇಬಿಟ್ಟಳು.

ಬೇಕರಿಯಲ್ಲಿ ಬ್ರೆಡ್ಡು ತುಂಬಿಸಿಕೊಂಡು ದಿಬ್ಬದ ನೆತ್ತಿಗೆ ಬಂದವಳು ಬ್ರೇಕನ್ನು ಮತ್ತೊಮ್ಮೆ ಒತ್ತಿ ನೋಡಿದಳು. ದಿಬ್ಬ ಇಳಿಯತೊಡಗಿದಳು. ಕೆಳಗಿನ ತಿರುವಿನಲ್ಲಿ ಹಾಸಿಗೆಯವನು ಹತ್ತಿ ಮೂಟೆಗಳನ್ನು ಗೋಡೆಯ ಹಾಗೆ ಜೋಡಿಸಿ, ಅದರ ಹಿಂದೆ ನಿಂತು ತಲೆ ಮಾತ್ರ ಹೊರಗೆ ಹಾಕಿದ್ದ. ಅವಳು ಬ್ರೇಕ್ ಹಿಡಿದಳು. ಗಾಡಿ ಮೂಟೆಗೆ ಮೊಳ ದೂರದಲ್ಲಿ, ಇನ್ನು ಒಂದು ಹೆಜ್ಜೆಯೂ ಮುಂದಿಡೆನೆಂಬಂತೆ ನಿಂತಿತು.

"ಇವತ್ತು ಒಳಗೆ ಬರಲ್ವಾ ಅಕ್ಕಾ?" ಎಂದ ಅವನು. ಬೇಸರವಾದವನಂತೆ ಮೂಟೆಗಳನ್ನು ಒಂದೊಂದಾಗಿ ಒಳಗೆಳೆದುಕೊಂಡು ಹೋದ.

ಅಷ್ಟರಲ್ಲಿ ಫೋನು. ಯಜಮಾನರು.

"ಟೀ ಎಲ್ಲಿ?"

ಆಗಲೇ ಅವಳು ಹ್ಯಾಂಡಲ್ ನೋಡಿಕೊಂಡದ್ದು. "ನನ್ನ ಹತ್ರಾನೇ ಇದೆ."

"ಹಾಗಾದ್ರೆ ತಂದುಕೊಟ್ಟು ಹೋಗು. ಎಷ್ಟು ಹೊತ್ತು ಮಹಾ" ಎಂದು ಫೋನ್ ಇಟ್ಟರು.

ಅವಳು ಹಿಂತಿರುಗಿ ಮನೆಯಿದ್ದ ದಿಬ್ಬ ನೋಡಿದಳು, ಮುಂದೆ ಪೇಟೆ ನೋಡಿದಳು. ಅಂಗಡಿಗಳು ಇನ್ನೂ ಮುಚ್ಚಿದ್ದವು. ಹೊತ್ತಿತ್ತು, ಅದೇ ತೊಂದರೆ. ನಿನ್ನೆಯ ಗಾಡಿಯಾಗಿದ್ದರೆ ಏರಿನಲ್ಲಿ ಚೈನ್ ಜಿಗಿಯುತ್ತೆ, ಆಗಲ್ಲ ರೀ ಎನ್ನಬಹುದಿತ್ತು. ಇವತ್ತಿನ ಗಾಡಿ ಏರನ್ನು ಒಂದೇ ಉಸಿರಿಗೆ ಹತ್ತಿ, ಫ್ಲಾಸ್ಕು ಸ್ಟೂಲಿನ ಮೇಲಿಟ್ಟು, ಬ್ರೆಡ್ಡು ಬಿಸಿಯಾಗಿರುವಾಗಲೇ ವಾಪಸ್ಸು ತಂದುಬಿಡುತ್ತಿತ್ತು. ನೆಪ ಹೇಳಲು ಒಂದು ಸಡಿಲ ಕೊಂಡಿಯನ್ನೂ ಅವಳು ಉಳಿಸಿಕೊಂಡಿರಲಿಲ್ಲ.

ಅವಳು ಇಂಜಿನ್ ಆರಿಸಿ, ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಮುಚ್ಚಳಕ್ಕೇ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದಳು. ಸಕ್ಕರೆ ಜಾಸ್ತಿಯಾಗಿತ್ತು. ಅದು ಯಜಮಾನರ ಅಳತೆ. ನಾಳೆಯಿಂದ ಕಡಿಮೆ ಹಾಕಬೇಕು ಅಂದುಕೊಂಡು ಇನ್ನೊಂದು ಮುಚ್ಚಳ ಬಗ್ಗಿಸಿಕೊಂಡಳು.