ಗಿರಿಜಾಂಬ ಟೀಚರ ದೊಡ್ಡ ವಿದ್ಯಾರ್ಥಿ

ಚನ್ನಪಟ್ಟಣದ ನಮ್ಮ ಬೀದಿಯ ಅಂಗನವಾಡಿಯಲ್ಲಿ ಗಿರಿಜಾಂಬ ಟೀಚರ್ ಮಕ್ಕಳಿಗೆ ತರಕಾರಿ ಕಲಿಸುವುದು ಮರದ ಗೊಂಬೆಗಳಿಂದ. ಗೊಂಬೆ ಕೆಲಸದ ಸಾಬೀರ್ ಕಡೆದು, ಅರಗಿನ ಬಣ್ಣ ಹಾಕಿಕೊಟ್ಟ ಬದನೆ, ಮೂಲಂಗಿ, ಹಾಗಲ. ನಿಜವಾದ ತರಕಾರಿ ಮಧ್ಯಾಹ್ನದ ಸಾರಿಗೇ ಸಾಲದು, ಪಾಠಕ್ಕೆಲ್ಲಿ ಉಳಿದೀತು? ಅಂಗನವಾಡಿಯ ಬೀಗ ಕೆಟ್ಟಿದ್ದರಿಂದ ಆ ಗೊಂಬೆಗಳ ಬುಟ್ಟಿಯನ್ನು ಸಂಜೆ ಮನೆಗೆ ಹೊರುವುದೂ ಅವರದೇ ಕೆಲಸ.

ಒಮ್ಮೆ ಮೈದುನನ ಮದುವೆಗೆಂದು, ಇನ್ನೊಮ್ಮೆ ಮಾವ ಕಾಡಸಿದ್ದಪ್ಪನವರಿಗೆ ಹೋಟೆಲ್ ಊಟ ಒಗ್ಗದೆಂದು ಅವರು ಅಂಗನವಾಡಿ ಟೀಚರುಗಳ ತರಬೇತಿ ಕೈಬಿಟ್ಟಿದ್ದರು. ಈ ಸಲ ರಾಮನಗರದಲ್ಲಿ ವಾರವಿಡೀ ಉಳಿಯಬೇಕಿತ್ತು. ಹೋಗಲೇಬೇಕೆಂದು ಅವರಿಗೆ ಹಟ. ಅಡ್ಡಿ ಒಂದೇ: ಆ ವಾರ ಅಡುಗೆ ಮಾಡಬೇಕಾದ ಗಂಡ ದಯಾನಂದ್‌ಗೆ ತರಕಾರಿಯ ಗುರುತಿಲ್ಲ. ಸದ್ದು ಕೇಳಿಯೇ ಯಾವ ಬೈಕೆಂದು ಹೇಳುವ ಮನುಷ್ಯ, ಸೋರೆಕಾಯಿ ತನ್ನಿ ಎಂದರೆ ಸೌತೆಕಾಯಿ ತರುತ್ತಿದ್ದರು.

"ಹೆಂಗಸ್ರ ವಿದ್ಯೆ ಕಣೆ, ನನ್ ತಲೆಗೆ ಹತ್ತಲ್ಲ."

"ಹತ್ತಿಸ್ತೀನಿ. ನಾಳೆಯಿಂದ ಕ್ಲಾಸಿಗೆ ಬನ್ನಿ."

ದಯಾನಂದ್ ಚಾಪೆಯ ಮೇಲೆ ಮಕ್ಕಳ ಸಾಲಿನಲ್ಲಿ ಕೂತರು. ಪಕ್ಕದಲ್ಲಿ ಎದುರುಮನೆಯ ಪುಟ್ಟ ಮಹೀನ್.

"ಅಂಕಲ್, ಅದು ಮೂಲಂಗಿ ಅಲ್ಲ, ಕ್ಯಾರೆಟ್ಟು! ನಿನ್ನೆನೂ ಹೇಳ್ಕೊಟ್ಟಿದ್ನಲ್ಲ!"

ಕೊನೆಗೆ ದಯಾನಂದ್ ಪಾಸಾದರು. ಮಕ್ಕಳು ಚಪ್ಪಾಳೆ ತಟ್ಟಿದವು. ಅಂಗಿಗೆ ಅಂಟಿಸಿದ ನಕ್ಷತ್ರವನ್ನು ಅವರು ಟೀ ಅಂಗಡಿಯವರೆಗೂ ಹಾಕಿಕೊಂಡು ಹೋಗಿ ಬಂದರು.

ತರಬೇತಿ ಶುರುವಾದ ಮರುದಿನವೇ ಫೋನು.

"ಗಿರಿಜಾ, ಬದನೇಕಾಯಿ ಬೇಯ್ತಾನೇ ಇಲ್ಲ! ಕುಕ್ಕರ್ ಕೂಗಿ ಕೂಗಿ ಸುಸ್ತಾಗ್ಬುಟ್ಟೈತೆ."

"ಹೆಚ್ಚಿ ಹಾಕಿದ್ರಾ?"

"ಚಾಕು ಇಳೀಲಿಲ್ಲ, ಇಡಿಯಾಗೇ ಹಾಕ್ದೆ. ಒಸಿ ಬಲ್ತೈತೆ ಅನ್ಸುತ್ತೆ."

"ಫ್ರಿಜ್ಜಲ್ಲಿದ್ದದ್ದು ತಾನೆ?"

"ಅವಾ? ಸುಕ್ಕುಸುಕ್ಕು, ತೊಟ್ಟಲ್ಲಿ ಮುಳ್ಳು. ನೀನು ಕಲಿಸ್ದಂಗಿರ್ಲಿಲ್ಲ. ಬುಟ್ಟೀಲಿ ಫಳಫಳ ಅಂತಿದ್ವಲ್ಲ, ನೋಡ್ತಿದ್ದಂಗೆ ಗುರುತು ಸಿಕ್ತು!"

ಹಿಂದಿನಿಂದ ಮಾವನ ಕೂಗು: "ಲೇ ದಯಾ, ಸಾರು ನೇರಳೆ ಆಗೈತೆ ಕಣ್ಲಾ!"

"ಬಂದ್ಬುಡೆ ಗಿರಿಜಾ. ಬಸ್ಸಲ್ಲಿ ಎಷ್ಟೊತ್ತು?"

ಗಿರಿಜಾಂಬರ ಕೈ ಆಗಲೇ ಬ್ಯಾಗ್ ಎತ್ತಿತ್ತು, ಅಭ್ಯಾಸ. ಅಷ್ಟರಲ್ಲಿ ತರಬೇತಿಯ ಕೋಣೆಯೊಳಗಿಂದ, ಪಾಠ ಮಾಡಿ ತೋರಿಸಲು ಅವರ ಹೆಸರು ಕರೆದರು.

ಗಿರಿಜಾಂಬ ಬ್ಯಾಗ್ ಕೆಳಗಿಟ್ಟರು.

"ಆ ಸಾರು ಚೆಲ್ಲಿ. ಮುಳ್ಳಿರೋದೇ ಬದನೆಕಾಯಿ. ಇನ್ನೇನಾದ್ರೂ ಅನುಮಾನ ಬಂದ್ರೆ ಮಹೀನ್‌ನ ಕೇಳಿ."

ಫೋನ್ ಆಫ್ ಮಾಡಿ ಒಳಗೆ ನಡೆದರು.