ನಾಲ್ಕು ಎಂಬಿಯ ವೆಂಕಟರತ್ನಮ್ಮ

ವೆಂಕಟರತ್ನಮ್ಮನ ವಿಷಯ ಹೇಳಲು ಕೂತರೆ ನನಗೆ ಮೊದಲು ಅವಳ ಭಾವ ಮುನಿಸ್ವಾಮಪ್ಪನ ಮೇಲೆ ಸಿಟ್ಟು ಬರುತ್ತದೆ. ಬರಲಿ ಬಿಡಿ, ಬರಬೇಕಾದದ್ದೇ. ರಾಬರ್ಟ್‌ಸನ್‌ಪೇಟೆಯಲ್ಲಿ ಅವಳ ವಿಡಿಯೋ ಅಂಗಡಿಗೂ ನನ್ನ ಟೈಲರಿಂಗ್ ಅಂಗಡಿಗೂ ಒಂದೇ ಗೋಡೆ. ಅಲ್ಲಿ ಆಡಿದ ಮಾತು ಇಲ್ಲಿ ಕೇಳುತ್ತಿತ್ತು. ನಾನು ಕಿವಿ ಮುಚ್ಚಿಕೊಂಡು ಕೂರುವ ಹೆಂಗಸೂ ಅಲ್ಲ.

ಅವಳ ಗಂಡ ವೆಂಕಟೇಶಪ್ಪ ಕಾಮಸಮುದ್ರದ ಕಡೆಯವನು. ಹೊಲ ಬಿಟ್ಟು ಕ್ಯಾಮೆರಾ ಹಿಡಿದು ಮದುವೆ ವಿಡಿಯೋ ತೆಗೆಯುತ್ತಿದ್ದ. ಕಾಮಾಲೆಯಾಗಿ ಅವನು ತೀರಿಕೊಂಡಾಗ, ಇನ್ನೇನು ಅಂಗಡಿ ಮುಚ್ಚಿತು ಎಂದು ಬೀದಿಯೆಲ್ಲ ಮಾತಾಡಿಕೊಂಡಿತು. ತಿಥಿ ಮುಗಿದ ಮೇಲೆ ಇವಳು ಬಂದು ಶಟರ್ ಎತ್ತಿದಳು. ಶೂಟಿಂಗಿಗೆ ಆಳು ಇಟ್ಟಳು, ಕಂಪ್ಯೂಟರಿನಲ್ಲಿ ಟೈಟಲ್ ಮಾಡಿ ಕ್ಯಾಸೆಟ್ಟಿಗೆ ಹಾಕುವುದನ್ನು ತಾನೇ ಕಲಿತಳು. ಶುರುವಿನಲ್ಲಿ ಒಂದು ಮದುವೆಯ ಕ್ಯಾಸೆಟ್ಟಿನಲ್ಲಿ ಇನ್ನೊಂದು ಮದುವೆಯ ಹೆಣ್ಣಿನ ಹೆಸರು ಹಾಕಿ, ಬೈಸಿಕೊಂಡು, ಅತ್ತು, ಮತ್ತೆ ಮಾಡಿಕೊಟ್ಟದ್ದೂ ಉಂಟು. ಆಗಿನ ಜನಕ್ಕೆ ಹೆಣ್ಣು ಗಂಡಿನ ಹೆಸರು ತೇಲಿ ಬರಬೇಕು, ಮೇಲಿಂದ ಗುಲಾಬಿ ಉದುರಬೇಕು. ಅದಿಲ್ಲದಿದ್ದರೆ ತಾಳಿ ಕಟ್ಟಿದ್ದೂ ಲೆಕ್ಕಕ್ಕಿಲ್ಲ!

ಮುನಿಸ್ವಾಮಪ್ಪನಿಗೆ ಬಂಗಾರಪೇಟೆಯಲ್ಲಿ ಅವನದೇ ಸ್ಟುಡಿಯೋ ಇತ್ತು. ತಮ್ಮನ ಅಂಗಡಿಯ ಮೇಲೆ ಕಣ್ಣೂ ಇತ್ತು. ಬಂದಾಗಲೆಲ್ಲ ಅದೇ ರಾಗ.

"ನಮ್ಮನೆ ಎಂಗಸು ಇಂಗೆ ಬೀದೀಲಿ ಕೂತ್ಕಂಡ್ರೆ ಜನ ನನ್ನ ಏನಂತಾರೆ? ಬೀಗದ ಕೈ ಕೊಟ್ಬುಟ್ಟು ಮನೇಲಿರಮ್ಮ."

ಇವಳು ನಕ್ಕು ಕಾಫಿ ತರಿಸುತ್ತಿದ್ದಳು. ಕುಡಿದು ಹೋಗುತ್ತಿದ್ದ.

ತೊಂಬತ್ತೊಂಬತ್ತರ ಆಯುಧಪೂಜೆಯ ದಿನ ಮಾತ್ರ ಅವನು ಬರಿಗೈಯಲ್ಲಿ ಬರಲಿಲ್ಲ. ಬೆಂಗಳೂರಿನಿಂದ ತರಿಸಿದ ಹೊಸ ಗ್ರಾಫಿಕ್ಸ್ ಕಾರ್ಡು ಹಿಡಿದು ಬಂದ. ಕಂಪ್ಯೂಟರಿನೊಳಗೆ ಕೂತು ಚಿತ್ರವನ್ನು ತೆರೆಗೂ ಟಿವಿಗೂ ಕಳಿಸುವ ಹಲಗೆ ಅದು. ಮಗಳ ಮದುವೆಯ ಕ್ಯಾಸೆಟ್ಟಿಗೆ ಟೈಟಲ್ ಮಾಡಿಸಲು ಬಂದಿದ್ದ ಶ್ರೀರಾಮಪ್ಪನವರು ಅಲ್ಲೇ ಬೆಂಚಿನ ಮೇಲಿದ್ದರು. ನಾನು ನನ್ನ ಹೊಲಿಗೆ ಮಿಷನ್ನಿನ ಪೂಜೆ ಮುಗಿಸಿ ಮಂಡಕ್ಕಿ ಕೊಡಲು ಹೋದವಳು ನಿಂತೇಬಿಟ್ಟೆ.

"ನಿಂದ್ರ ಮೆಮೊರಿ ನಾಲ್ಕು ಎಂಬಿ, ಇದ್ರದ್ದು ಅದಿನಾರು," ಎಂದ ಮುನಿಸ್ವಾಮಪ್ಪ. "ನಿಂದ್ರಾಗೆ ಫ್ಯಾನೇ ಇಲ್ಲ, ಇದ್ಕೆ ಫ್ಯಾನ್ ಐತೆ. ತ್ರೀಡಿ ಬ್ಯಾರೆ. ಎರಡ್ನೂ ಇದೇ ಕಂಪ್ಯೂಟರ್‌ಗೆ ಆಕಾನ, ಶ್ರೀರಾಮಪ್ಪೋರು ನೋಡಿ ಏಳ್ಲಿ. ನಿಂದು ಸೋತ್ರೆ ಇವತ್ತೇ ಬೀಗದ ಕೈ ನಂಗೆ."

"ಕಾರ್ಡು ನೋಡಾನ ಬನ್ನಿ ಭಾವ," ಎಂದಳು. ಬೀಗದ ಕೈ ವಿಷಯಕ್ಕೆ ತುಟಿ ಬಿಚ್ಚಲಿಲ್ಲ. ಒಪ್ಪಿಕೊಂಡಳು ಎಂದು ಅವನೇ ಅಂದುಕೊಂಡ.

ಮೊದಲು ಅವಳ ಹಳೇ ಕಾರ್ಡು. ಅಕ್ಷರ ಚೊಕ್ಕವಾಗಿ ಬಂತು, ಒತ್ತಕ್ಷರದ ಅಂಚೂ ಅಲುಗಲಿಲ್ಲ. ಗುಲಾಬಿ ಮಾತ್ರ ಕಪ್ಪೆಯ ಹಾಗೆ ಕುಪ್ಪಳಿಸಿಕೊಂಡು ಬಿತ್ತು. ಹಿಂದಿನ ಕೆಂಪು ಬಣ್ಣ ತಿಳಿಯಾಗುತ್ತ ಹೋಗುವಲ್ಲಿ ಪಟ್ಟೆಪಟ್ಟೆಯಾಗಿ ಕಂಡಿತು.

ಅವಳು ಸ್ವಿಚ್ ಆರಿಸಿ ಹಳೇದನ್ನು ಬಿಚ್ಚಿ ಹೊಸದಕ್ಕೆ ಕೈಚಾಚಿದಳು. ಮುನಿಸ್ವಾಮಪ್ಪ ತಡೆದ.

"ಇರಮ್ಮ. ಆಯುಧಪೂಜೆ ದಿನ ಪೂಜೆ ಆಗ್ದೆ ಯಾವ ಸಾಮಾನೂ ಒಳಕ್ಕೆ ಓಗಂಗಿಲ್ಲ."

ಸರಿ, ಪೂಜೆ ಮಾಡಲಿ. ಎಲ್ಲಿಗೆ ಮಾಡಬೇಕು? ಕಾರ್ಡಿನ ಬುಡದಲ್ಲಿ ಕಂಪ್ಯೂಟರಿಗೆ ಕಚ್ಚುವ ಬಂಗಾರದ ಬಣ್ಣದ ಹಲ್ಲುಗಳಿರುತ್ತವೆ. ಅದೇ ಲಕ್ಷಣವಾಗಿ ಕಂಡಿತೇನೋ, ನೀರಿನಲ್ಲಿ ಕಲಸಿದ ಅರಿಸಿನ ಕುಂಕುಮ ಗಟ್ಟಿಯಾಗಿ ಅಲ್ಲಿಗೇ ಬಳಿದ. ಕಣ್ಣು ಮುಚ್ಚಿ ಕೈಮುಗಿದು ತಾನೇ ಒಳಗೆ ಒತ್ತಿದ. ಸ್ವಿಚ್ ಹಾಕಿದರೆ ಕಂಪ್ಯೂಟರ್ ಕುಂಯ್ ಕುಂಯ್ ಎಂದಿತು, ತೆರೆ ಕಪ್ಪಗೇ ಇತ್ತು.

ಅಬ್ಬಾ, ಆ ಗಳಿಗೆ ನನಗಾದ ಖುಷಿ! ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕೆ.

"ಇದೇನಪ್ಪ, ಉಸ್ರೇ ಎತ್ತಲ್ವಲ್ಲ," ಎಂದರು ಶ್ರೀರಾಮಪ್ಪನವರು. "ಆಯಮ್ಮಂದೇ ವಾಸಿ ಬುಡು. ಕೆಲ್ಸ ಇಲ್ಲೇ ಆಗ್ಲಿ."

ಮುನಿಸ್ವಾಮಪ್ಪನ ಮುಖ ಇಷ್ಟಾಯಿತು. ಅಲ್ಲಿಗೆ ಮುಗಿಯಿತು ಎಂದು ನಾನು ಮಂಡಕ್ಕಿ ಹಂಚಲು ಹೊರಟರೆ, ಈ ಪುಣ್ಯಾತ್ಗಿತ್ತಿ ಮತ್ತೆ ಸ್ವಿಚ್ ಆರಿಸಿ ಆ ಕಾರ್ಡನ್ನು ಹೊರಗೆ ತೆಗೆದಳು. ಬಟ್ಟೆಯಲ್ಲಿ ಒರೆಸಿದಳು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಲ್ಲುಗಳನ್ನು ಉಜ್ಜತೊಡಗಿದಳು.

"ನಿಂಗೇನು ತಲೆ ಕೆಟ್ಟೈತೇನೇ?" ಎಂದು ರೇಗಿದೆ. "ಗೆದ್ದಿದ್ದೀಯ, ತೆಪ್ಪಗಿರು!"

"ಭಾವನ ಕುಂಕುಮದಿಂದ ಗೆದ್ರೆ ಅದೂ ಒಂದು ಗೆಲುವಾ ಅಕ್ಕ? ನಂಗೆ ಬ್ಯಾಡ. ಇದ್ರ ಕೆಲ್ಸ ಎಂಗೈತೋ ನಾನೂ ನೋಡ್ಬೇಕು."

ನೋಡಿದೆವು. ಹೊಸ ಕಾರ್ಡಿನಲ್ಲಿ ಅಕ್ಷರದ ಅಂಚು ಟಿವಿಯಲ್ಲಿ ಒಂಚೂರು ಮಸುಕಾಗಿತ್ತು, ಅಷ್ಟೆ. ಗುಲಾಬಿ ತಿರುಗಿ ತಿರುಗಿ ಸಲೀಸಾಗಿ ಇಳಿಯಿತು. ಕೆಂಪಿನಲ್ಲಿ ಒಂದು ಪಟ್ಟೆಯೂ ಇರಲಿಲ್ಲ. ಯಾರೂ ಬಾಯಿ ಬಿಡುವ ಮೊದಲು ಅವಳೇ ಹೇಳಿದಳು.

"ಇದೇ ಚೆನ್ನಾಗೈತೆ. ನಂದು ಸೋತೋಯ್ತು."

ನನಗೆ ಹೊಟ್ಟೆ ಉರಿದುಹೋಯಿತು. ಮುನಿಸ್ವಾಮಪ್ಪ ಕೈ ಚಾಚಿದ.

"ಕೊಡು ಬೀಗದ ಕೈ. ಏಳು ಮ್ಯಾಕೆ."

ಅವಳು ಏಳಲಿಲ್ಲ. ಕುರ್ಚಿಯನ್ನು ಇನ್ನೂ ಮುಂದಕ್ಕೆ ಎಳೆದುಕೊಂಡಳು.

"ಯಾಕೆ ಏಳ್ಲಿ? ಸೋತಿದ್ದು ಕಾರ್ಡು ಭಾವ, ನಾನಲ್ಲ. ಎತ್ತು ಮುದಿಯಾದ್ರೆ ನೀವು ಎತ್ತು ಬದಲಾಯಿಸ್ತೀರೋ, ಒಲ ಬುಟ್ಟು ಓಗ್ತೀರೋ?"

"ಮಾತು ಕೊಟ್ಟಿದ್ದೆ ನೀನು!"

"ಕಾರ್ಡು ನೋಡಾನ ಅಂದೆ, ನೋಡ್ದೆ. ಬೀಗದ ಮಾತು ನೀವೊಬ್ರೇ ಆಡ್ಕಂಡ್ರಿ. ನನ್ ಗಂಡ ಓದ ಅಂತ ನನ್ ಕೈಯೂ ಓಗಿಲ್ಲ. ಈ ಕೈಯಾಗೆ ಅನ್ನ ತಿಂತಾ ಇವ್ನಿ, ಯಾರ್ ಕೇಳಿದ್ರೂ ಕೊಡಲ್ಲ."

ಶ್ರೀರಾಮಪ್ಪನವರು ತಲೆ ತಗ್ಗಿಸಿ, ಹೂವು ಚೆನ್ನಾಗಿ ಬೀಳುವ ಬಂಗಾರಪೇಟೆಯಲ್ಲೇ ಮಾಡಿಸುತ್ತೇನೆ, ಮಗಳ ಆಸೆ ಎಂದರು. ಅವಳು ಕ್ಯಾಸೆಟ್ಟನ್ನು ತಾನೇ ಕವರಿಗೆ ಹಾಕಿ ಅವರಿಗೆ ವಾಪಸ್ಸು ಕೊಟ್ಟಳು. ಹೊಸ ಕಾರ್ಡನ್ನೂ ಬಿಚ್ಚಿ ಡಬ್ಬಿಗಿಟ್ಟು ಭಾವನ ಕೈಗೆ ಕೊಟ್ಟಳು.

"ಇಂತಾದ್ದೇ ಒಂದು ನಾನೂ ತತ್ತೀನಿ. ಅಲ್ಲೀಗಂಟ ನಾಲ್ಕು ಎಂಬಿಯಾಗೇ ಹೂವು ಉದುರ್ಲಿ."

ಮುನಿಸ್ವಾಮಪ್ಪ ಮೆಟ್ಟಿಲಿಳಿದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.

"ಇನ್ಮೇಲೆ ನನ್ನ ಮನೆ ಬಾಗಿಲು ತುಳೀಬ್ಯಾಡ!"

ಅವಳು ಆಗಲೇ ಸ್ಕ್ರೂಡ್ರೈವರ್ ಹಿಡಿದು ಹಳೇ ಕಾರ್ಡನ್ನು ಕೂರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಪುರ್ಸೊತ್ತೆಲ್ಲೈತೆ ಭಾವ? ನಾಳೆ ಅಂಗಡಿ ತೆಗೀಬೇಕು."